ಒಂದು ಗೇಣು ಆಚೆ

ಮಾವ ಜೀವಮಾನವೆಲ್ಲ ಊರಿನವರಿಗೆ "ಅಲ್ಲಾಡಬೇಡಿ" ಎಂದು ಹೇಳಿ ಹೊಟ್ಟೆ ಹೊರೆದವರು. ಮದುಮಕ್ಕಳಿಗೆ ಹೇಳಿದ್ದಾರೆ, ಅಳುವ ಕೂಸುಗಳಿಗೆ ಹೇಳಿದ್ದಾರೆ, ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಬಂದು ಮೀಸೆ ತಿರುವುತ್ತ ಕೂತ ಪೊಲೀಸಿನವನಿಗೂ ಹೇಳಿದ್ದಾರೆ. ಆಸ್ಪತ್ರೆಯ ಗೋಡೆಯೊಂದು ಅದೇ ಮಾತನ್ನು ತಿರುಗಿಸಿ ತಮಗೇ ಹೇಳೀತೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಸ್ಟುಡಿಯೋದ ದೀಪ ಸರಿಮಾಡಲು ಸ್ಟೂಲ್ ಹತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು. ಮತ್ತಿನ ಗುಂಗು ಇಳಿಯುವ ಮೊದಲೇ ಕೈಗೆ ಚುಚ್ಚಿದ್ದ ಸೂಜಿ ಕಿತ್ತೆಸೆದು, "ಗಿರಾಕಿ ಕಾಯ್ತಿದಾರೆ, ಬಿಡ್ರಪ್ಪ" ಎಂದು ಎದ್ದು ಹೊರಟರಂತೆ. ನರ್ಸು ಓಡಿ ಬಂದು ಹಿಡಿಯದಿದ್ದರೆ ಇನ್ನೊಂದು ಮೂಳೆಯೂ ಹೋಗುತ್ತಿತ್ತು. ಮರುದಿನ ಆಸ್ಪತ್ರೆಯವರು ಮಗನನ್ನು ಕರೆಸಿದರು. ಮನೆಯವರೊಬ್ಬರು ಸದಾ ಹಾಸಿಗೆಯ ಪಕ್ಕ ಕೂರಬೇಕು, ಇಲ್ಲವೇ ಮೇಲೊಂದು ಕ್ಯಾಮೆರಾ ಹಾಕಿಸಿಕೊಳ್ಳಬೇಕು ಎಂದರು.

ಅವತ್ತು ಸಂಜೆ ತಟ್ಟೆಯಲ್ಲಿ ಅನ್ನ ಆರುತ್ತಿತ್ತು, ಯಾರೂ ಕೈ ಹಾಕಿರಲಿಲ್ಲ.

"ಯಾರು ಕೂರೋದು?" ಎಂದ ಮಗ. ಲಿಫ್ಟ್ ರಿಪೇರಿ ಅವನ ಕಸುಬು. ಊರಿನ ಯಾವ ಮೂಲೆಯಲ್ಲಿ ಯಾರು ಲಿಫ್ಟಿನೊಳಗೆ ಸಿಕ್ಕಿಕೊಂಡರೂ ಇವನಿಗೆ ಫೋನು ಬರುತ್ತದೆ, ಬಾಯಿಗಿಟ್ಟ ತುತ್ತು ನುಂಗುವಷ್ಟೂ ಪುರುಸೊತ್ತಿಲ್ಲ. ಕೇಳಿದ್ದು ಎಲ್ಲರನ್ನು, ನೋಡಿದ್ದು ಮಾತ್ರ ಹೆಂಡತಿಯನ್ನು.

"ನನ್ನನ್ನ ನೋಡ್ಬೇಡಿ," ಎಂದಳು ಸೊಸೆ. "ಕಾಯಂ ಆಗೋ ತನಕ ಒಂದು ದಿನಾನೂ ತಪ್ಪಿಸೋ ಹಾಗಿಲ್ಲ ಅಂತ ಸೇರೋವಾಗ್ಲೇ ಹೇಳಿದಾರೆ. ಗೊತ್ತಿದ್ದೂ ಕೇಳ್ತೀರಲ್ಲ."

ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಅವಳದು. ಮಗಳು ಕಾಲೇಜಿಗೆ ಸೇರುವ ತನಕ ಮನೆಯಲ್ಲೇ ಇದ್ದು, ಈ ವರ್ಷವಷ್ಟೇ ಹೊರಗೆ ಕಾಲಿಟ್ಟಿದ್ದಳು. ಒಂದರ ಮೇಲೊಂದು ಪೇರಿಸಿದ ನೀಲಿ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಮಿಷನ್ ಓಡಿಸುವುದೆಂದರೆ ಅವಳಿಗೆ ಪ್ರಾಣ. ಆ ಮೇಜಿನ ಮುಂದೆ ನಿಂತಾಗ ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಅದೊಂದು ಸುಖ ಅವಳಿಗೆ ಬೇಕಾಗಿತ್ತು.

"ತಾತ ಏನು ಬ್ಯಾಂಕಾ, ಕ್ಯಾಮೆರಾ ಹಾಕೋಕೆ?" ಎಂದಳು ಮಗಳು.

"ಬ್ಯಾಂಕಾಗಿದ್ರೆ ನಿನ್ನತ್ತೆ ದಿನಾ ಬರ್ತಿದ್ಲು," ಎಂದಳು ಸೊಸೆ.

ಹೆಸರೆತ್ತಿದ್ದೇ ತಡ, ನಾದಿನಿಯ ಫೋನು ಬಂತು. ಅವಳು ಊರಿನ ಇನ್ನೊಂದು ತುದಿಯಲ್ಲಿ ಶಾಲಾ ಟೀಚರು. ದಿನವಿಡೀ ಮಕ್ಕಳನ್ನು ಸುಮ್ಮನಿರಿಸಿ ರೂಢಿಯಾಗಿ, ದೊಡ್ಡವರೊಡನೆಯೂ ಅದೇ ಗಂಟಲಿನಲ್ಲಿ ಮಾತಾಡುತ್ತಾಳೆ. "ಅಣ್ಣಾ, ಏನಿದು? ಅಪ್ಪ ಮಲಗಿರೋದು, ಹೊರಳೋದು, ಎಲ್ಲ ಯಾರೋ ಕೂತ್ಕೊಂಡು ನೋಡ್ತಾರಂತೆ? ಅಪ್ಪನ ಮರ್ಯಾದೆ ಏನಾಗ್ಬೇಕು?"

"ಸರಿ. ನೀನು ಬಂದು ಕೂರ್ತೀಯಾ?"

"ನನಗೆ ಶಾಲೆ ಇದೆಯಲ್ಲ."

"ಮತ್ತೆ?"

"ಹಾಗೆ ನೋಡಿದ್ರೆ ಕ್ಯಾಮೆರಾ ಒಳ್ಳೇದೇ ಬಿಡು. ಈಗೆಲ್ಲಾ ಕಡೆ ಇದೆ."

"ಇಡೀ ದಿನ ಅವರೇ ನೋಡ್ಕೊಳ್ತಾರಂತೆ," ಎಂದು ಮಗ ಸಮಾಧಾನ ಹೇಳಿದ.

ನಿಜಕ್ಕೂ ಆಸ್ಪತ್ರೆಯವರು ಹೇಳಿದ್ದು "ನೋಡ್ತಾ ಇರ್ತೀವಿ" ಎಂದು. ಅಲ್ಲಿಂದ ಮನೆಗೆ ಬರುವ ದಾರಿಯಲ್ಲಿ "ನೋಡ್ತಾ ಇರೋದು" ಎಲ್ಲೋ ಕಳೆದುಹೋಗಿ ಅದರ ಜಾಗದಲ್ಲಿ "ನೋಡ್ಕೊಳ್ಳೋದು" ಬಂದು ಕೂತಿತ್ತು. ಯಾರೂ ತಿದ್ದಲಿಲ್ಲ. ಎಲ್ಲರಿಗೂ ಅದೇ ಬೇಕಾಗಿತ್ತು. ಸೊಸೆ ಎಲ್ಲರ ತಟ್ಟೆಗೆ ಬೇಳೆ ಬಡಿಸಿದಳು, ಎಲ್ಲರೂ ಹೊಟ್ಟೆ ತುಂಬ ಉಂಡರು.

ಮಾವನ ಹಾಸಿಗೆಯ ಎದುರಿನ ಗೋಡೆಯ ಮೇಲ್ತುದಿಯಲ್ಲಿ ಕ್ಯಾಮೆರಾ ಬಂತು, ಪಕ್ಕದಲ್ಲೊಂದು ಪುಟ್ಟ ಸ್ಪೀಕರು. ಕಾಲು ಕೆಳಗಿಳಿದರೆ ಸಾಕು, ಒಂದು ಹೆಣ್ಣು ದನಿ ಹೇಳುತ್ತಿತ್ತು: "ಯಜಮಾನ್ರೇ, ಅಲ್ಲಾಡ್ಬೇಡಿ. ಕಾಲು ಮೇಲಿಡಿ."

ಮಾವ ಅವಳಿಗೆ 'ಗೋಡೆಯಮ್ಮ' ಎಂದು ಹೆಸರಿಟ್ಟರು. "ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ. ಇದಕ್ಕೆ ಕಣ್ಣೂ ಇದೆ, ಬಾಯೂ ಇದೆ, ಕೈ ಮಾತ್ರ ಇಲ್ಲ," ಎಂದು ಸೊಸೆಯ ಮುಂದೆ ನಕ್ಕರು. ಮೊದಲ ದಿನಗಳಲ್ಲಿ ಅವಳೊಡನೆ ವಾದಕ್ಕೂ ಇಳಿದರು. "ಅಷ್ಟು ಎತ್ತರದಿಂದ ತೆಗೆದ್ರೆ ನನ್ನ ಬೋಳು ತಲೆ ಬಿಟ್ಟು ಇನ್ನೇನೂ ಬರಲ್ಲ ಕಣಮ್ಮ. ಬೆಳಕೆಲ್ಲ ಪಕ್ಕದ ಕಿಟಕೀದು. ನಿನ್ನ ಕಣ್ಣಿಗೆ ನಾನು ಸಿಕ್ಕಿಬಿದ್ದ ಕಳ್ಳನ ಹಾಗೆ ಕಾಣ್ತಿರ್ತೀನಿ." ದನಿ ಕಿಸಕ್ಕೆಂದು ನಕ್ಕು, ಮತ್ತೆ ಗಂಭೀರವಾಗಿ, "ಕಾಲು ಮೇಲಿಡಿ" ಎಂದಿತು. ಆದರೂ ಮಾವ ದಿನಾ ಬೆಳಿಗ್ಗೆ ಬಾಚಣಿಗೆ ಕೇಳಿ ಇಸಕೊಂಡು, ಇದ್ದ ನಾಲ್ಕು ಕೂದಲನ್ನು ತೀಡಿ, ಅಂಗಿಯ ಗುಂಡಿ ಹಾಕಿಕೊಂಡೇ ಕೂರುತ್ತಿದ್ದರು.

ಮನೆಯವರೂ ಬದಲಾದರು. ಮಗ ಬಂದರೆ ಅಪ್ಪನ ಕಿವಿಗೆ ಬಾಯಿಟ್ಟು ಪಿಸುಗುಟ್ಟುತ್ತಿದ್ದ. ಕ್ಯಾಮೆರಾಕ್ಕೆ ಮಾತು ಕೇಳಿಸುವುದಿಲ್ಲ, ಅವರು ಸ್ಪೀಕರಿನಲ್ಲಿ ಮಾತಾಡಬೇಕೆಂದಾಗ ಮಾತ್ರ ಎರಡೂ ಕಡೆ ದನಿ ಹಾಯುತ್ತದೆ ಎಂದು ನರ್ಸು ಹೇಳಿದರೂ ನಂಬಲಿಲ್ಲ. ಭಾನುವಾರ ನಾದಿನಿ ಬಂದಳು. ಹುಟ್ಟಿದಂದಿನಿಂದ ಅಪ್ಪನಿಗೆ ಒಂದು ಲೋಟ ನೀರು ಕೊಟ್ಟವಳಲ್ಲ, ಅವತ್ತು ಗಂಜಿಯ ಬಟ್ಟಲು ಹಿಡಿದು, ಗೋಡೆಯ ಕಡೆ ಮುಖ ಮಾಡಿ, ಒಂದೊಂದೇ ಚಮಚ ಊದಿ ಊದಿ ತಿನ್ನಿಸಿದಳು.

"ಮಗಳೇ," ಎಂದರು ಮಾವ, "ನನ್ನ ಬಾಯಿ ಈ ಕಡೆ ಇದೆ."

ಮೊಮ್ಮಗಳು ನಗು ತಡೆಯಲಾರದೆ ಹೊರಗೆ ಓಡಿದಳು.

ಸೊಸೆ ಮಾತ್ರ ಕಾರ್ಖಾನೆ ಮುಗಿಸಿ ದಿನವೂ ಬರುತ್ತಿದ್ದಳು. ಮೈ ಒರೆಸಿ, ಬಟ್ಟೆ ಬದಲಿಸಿ, ಕೊಳೆಯದನ್ನು ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದಳು. ಎರಡನೆಯ ವಾರ ಅವಳಿಗೊಂದು ಅನುಮಾನ ಬಂತು. ಅವಳು ತುಂಬಿಸಿಟ್ಟ ನೀರಿನ ಜಗ್ಗು ಮರುದಿನ ಬಂದಾಗಲೂ ಹಾಗೇ ಇರುತ್ತಿತ್ತು. ಮಾವನ ತುಟಿ ಒಡೆದಿತ್ತು. ಮಾತೂ ಕಡಿಮೆಯಾಗಿತ್ತು. ಅದರ ಹಿಂದೆಯೇ ಜ್ವರ ಬಂತು. ಡಾಕ್ಟರು ಬಂದು, ಮೈಯಲ್ಲಿ ನೀರೇ ಇಲ್ಲ, ಮೂತ್ರದಲ್ಲಿ ಸೋಂಕಾಗಿದೆ, ನೀರು ಕುಡಿಯುವುದಕ್ಕೇನು ರೋಗ ಎಂದು ಗದರಿಸಿ ಹೋದರು.

"ಯಾಕೆ ಮಾವ ನೀರು ಕುಡೀತಿಲ್ಲ?"

ಮಾವ ಹೊದಿಕೆಯ ಅಂಚನ್ನು ಮಡಿಸಿದರು, ಬಿಡಿಸಿದರು. ಕೊನೆಗೆ ಗೋಡೆಗೆ ಕಾಣದ ಹಾಗೆ ಮುಖ ತಿರುಗಿಸಿ ಹೇಳಿದರು: "ಕುಡಿದ್ರೆ ಹೋಗ್ಬೇಕಾಗುತ್ತೆ. ಬಾಟ್ಲಿ ಹಿಡ್ಕೋಬೇಕು. ಅವಳು ನೋಡ್ತಿರ್ತಾಳೆ."

"ಬೆಲ್ ಒತ್ತಿದ್ರೆ ನರ್ಸು ಬಂದು ಪರದೆ ಎಳೀತಾರಲ್ಲ."

"ನರ್ಸು ಬರೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ. ನಾನೇ ಎಳ್ಕೊಂಡ್ರೆ ಗೋಡೆಯಮ್ಮ 'ಪರದೆ ತೆಗೀರಿ' ಅಂತ ಇಡೀ ವಾರ್ಡಿಗೆ ಕೇಳೋ ಹಾಗೆ ಕೂಗ್ತಾಳೆ. ದನಿ ಕೇಳಿದ್ರೆ ನನ್ನ ಮಗಳಿಗಿಂತ ಚಿಕ್ಕವಳಮ್ಮ ಅವಳು." ಮಾವನ ಕಣ್ಣು ತುಂಬಿತ್ತು. ಮದುವೆಯಾಗಿ ಬಂದಂದಿನಿಂದ ಸೊಸೆ ಅವರ ಕಣ್ಣಲ್ಲಿ ನೀರು ಕಂಡಿರಲಿಲ್ಲ.

ಅವಳು ನೇರ ಕೆಳಗಿಳಿದು, ವಿಚಾರಿಸಿಕೊಂಡು ಹೋಗಿ, ಗೋಡೆಯಮ್ಮನ ಕೋಣೆಯ ಬಾಗಿಲು ತಟ್ಟಿದಳು. ಕಿಟಕಿಯಿಲ್ಲದ ಕೋಣೆ. ಒಂದು ಗೋಡೆಯ ತುಂಬ ಟೀವಿಯಂಥ ಪರದೆಗಳು, ಒಂದೊಂದರಲ್ಲಿ ಒಂದೊಂದು ಹಾಸಿಗೆಯ ಚಿತ್ರ. ಇನ್ನೂ ಮೂವತ್ತು ದಾಟದ ಹುಡುಗಿಯೊಬ್ಬಳು ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು, ಪರದೆಗಳಿಂದ ಕಣ್ಣು ಕೀಳದೆ ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಸ್ವಲ್ಪ ಹೊತ್ತು ಆರಿಸಿದ್ರೆ ಏನಮ್ಮ? ವಯಸ್ಸಾದವರು, ನಾಚ್ಕೊಳ್ತಾರೆ."

"ನನ್ನ ಕೈಲಿ ಏನೂ ಇಲ್ಲ ಅಕ್ಕಾ. ನಾನು ನೋಡ್ಬಹುದು ಅಷ್ಟೇ. ಎದ್ರೆ ಕೂಗ್ತೀನಿ, ನರ್ಸಿಗೆ ಫೋನ್ ಮಾಡ್ತೀನಿ. ಎದ್ದು ಬರೋ ಹಾಗಿಲ್ಲ." ಹುಡುಗಿ ಎಡಗೈ ಬೆರಳಿನಿಂದ ತನ್ನ ತಲೆಯ ಮೇಲೆ ತೋರಿಸಿದಳು. ಅಲ್ಲೂ ಒಂದು ಕ್ಯಾಮೆರಾ ಇತ್ತು. "ನಾನು ಅತ್ತ ಇತ್ತ ನೋಡಿದ್ರೆ ಅದು ನೋಡುತ್ತೆ."

ಸೊಸೆಯ ಕಣ್ಣು ಮಾವನ ಹಾಸಿಗೆಯಿದ್ದ ಪರದೆಯ ಮೇಲೆ ನಿಂತಿತು. ಬಟ್ಟೆ ಕತ್ತರಿಸುವವಳ ಕಣ್ಣು, ಅಂಚು ಎಲ್ಲಿ ಎಂದು ತಾನಾಗಿಯೇ ಹುಡುಕಿತು. ಕಿಟಕಿಯ ಕಡೆ, ಹಾಸಿಗೆಯ ಕಂಬಿ ಮುಗಿದಲ್ಲಿಗೇ ಚಿತ್ರವೂ ಮುಗಿಯುತ್ತಿತ್ತು.

ಮೇಲೆ ಬಂದು ಕೂತಾಗ ಮಾವನೇ ಶುರುಮಾಡಿದರು. "ಲೆನ್ಸು ಎಲ್ಲಿವರೆಗೆ ಹಿಡಿಯುತ್ತೆ ಅಂತ ಗೊತ್ತಾಯ್ತು ನನಗೆ. ಕಿಟಕಿ ಕಡೆ ಕಮ್ಮಿ. ಮಂಚ ಒಂದೇ ಒಂದು ಗೇಣು ಅತ್ತ ಸರಿದ್ರೆ, ಎಡಮಗ್ಗುಲಾದಾಗ ನನ್ನ ಸೊಂಟದ ಕೆಳಗೆ ಫ್ರೇಮಿಂದ ಆಚೆ."

"ನಾನೂ ನೋಡ್ದೆ ಮಾವ. ಒಂದು ಗೇಣು ಸಾಕು."

ಇಬ್ಬರೂ ಮುಖ ಮುಖ ನೋಡಿಕೊಂಡರು. ಸೊಸೆ ಎದ್ದು, ಮಂಚದ ಗಾಲಿಯ ಬ್ರೇಕನ್ನು ಕಾಲಿನಿಂದ ಬಿಡಿಸಿ, ಮೆಲ್ಲಗೆ ತಳ್ಳಿದಳು. ಕೂಡಲೇ ಗೋಡೆ ಮಾತಾಡಿತು: "ಏನ್ ಮಾಡ್ತಿದೀರಿ ಅಕ್ಕಾ?"

"ಗಾಳಿ ಬೇಕಂತಮ್ಮ. ಕಿಟಕಿ ಹತ್ರ ಸರಿಸ್ತಿದೀನಿ."

"ಸರಿ, ಹುಷಾರು," ಎಂದು ಗೋಡೆ ಸುಮ್ಮನಾಯಿತು. ಸೊಸೆ ಅಂಗೈ ಚಾಚಿ ಅಳೆದಳು. ಒಂದು ಗೇಣು, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಮತ್ತೆ ಕಾಲಿನಿಂದ ಬ್ರೇಕ್ ಒತ್ತಿದಳು.

ಆ ಒಂದು ಗೇಣಿನಲ್ಲಿ ಮಾವ ಬದುಕಿಕೊಂಡರು. ಜಗ್ಗಿನ ನೀರು ಖಾಲಿಯಾಗತೊಡಗಿತು. ಜ್ವರ ಬಿಟ್ಟಿತು. "ನನ್ನ ಔಷಧಿ ಕೆಲಸ ಮಾಡ್ತು," ಎಂದರು ಡಾಕ್ಟರು. ಮಾವ ಸೊಸೆಗೆ ಮಾತ್ರ ಕಾಣುವಂತೆ ಕಣ್ಣು ಹೊಡೆದರು. ಕಾರ್ಖಾನೆಯಲ್ಲಿ ಮೇಲ್ವಿಚಾರಕಿ ಸೊಸೆಯ ಬೆನ್ನು ತಟ್ಟಿ, "ಇನ್ನೊಂದು ತಿಂಗಳು ಹೀಗೇ ಇರು, ನಿನ್ನನ್ನ ಬಿಡೋದಿಲ್ಲ" ಎಂದಳು. ಅವತ್ತು ಸೊಸೆ ಮನೆಗೆ ಬರುವಾಗ ಮಗಳಿಗೆ ಇಷ್ಟವೆಂದು ಕೇಕು ತಂದಳು.

ಆದರೆ ಬೆರಳು ಕೊಟ್ಟರೆ ಹಸ್ತ ನುಂಗುವ ಬುದ್ಧಿ ಮುದುಕರಿಗೂ ಇರುತ್ತದೆ. ಬಾಟ್ಲಿ ಸಾಕೆನಿಸಿತು ಮಾವನಿಗೆ. ಮನುಷ್ಯನ ಹಾಗೆ ಬಚ್ಚಲಿಗೆ ಹೋಗಿ ನಿಂತು ಬರಬೇಕೆನಿಸಿತು. ಒಂದು ಮಧ್ಯಾಹ್ನ, ಗೋಡೆಗೆ ಬೆನ್ನಷ್ಟೇ ಕಾಣುವಂತೆ ಎಡಮಗ್ಗುಲಾಗಿ, ಕಂಬಿ ಇಳಿಸಿ, ಕಾಣದ ಕಡೆಯಿಂದ ಒಂದೊಂದೇ ಕಾಲು ಕೆಳಗೆ ಬಿಟ್ಟರು. ಗೋಡೆಯಮ್ಮ ಕೂಗುವ ಹೊತ್ತಿಗೆ ಹಾಸಿಗೆ ಖಾಲಿಯಾಗಿತ್ತು, ಮಾವ ನೆಲದ ಮೇಲಿದ್ದರು. ಅದೇ ಸೊಂಟ, ಮತ್ತೆ ಆಪರೇಷನ್.

ಮಾವ ಮೇಲೆ ಮತ್ತಿನಲ್ಲಿ ಮಲಗಿದ್ದಾಗ ಮನೆಯವರನ್ನೆಲ್ಲ ಕೆಳಗಿನ ಆಫೀಸಿಗೆ ಕರೆದರು. ನಾದಿನಿ ಬಂದವಳೇ ಮೇಜು ಗುದ್ದಿದಳು. "ಇಪ್ಪತ್ನಾಲ್ಕು ಗಂಟೆ ನೋಡ್ಕೊಳ್ತೀವಿ ಅಂದ್ರಿ! ಇದೇನಾ ನೋಡ್ಕೊಂಡಿದ್ದು?"

"ನೋಡ್ತೀವಿ ಅಂದಿದ್ವಿ ಮೇಡಂ," ಎಂದ ಅಧಿಕಾರಿ ತಣ್ಣಗೆ. "ಏನು ನೋಡಿದ್ವಿ ಅಂತ ನೀವೂ ನೋಡಿ."

ಪರದೆಯ ಮೇಲೆ ಚಿತ್ರ ಓಡಿತು. ದನಿಯಿಲ್ಲ. ಸೊಸೆ ಬರುತ್ತಾಳೆ. ಮಾವನ ಹತ್ತಿರ ಬಾಗಿ ಏನೋ ಹೇಳುತ್ತಾಳೆ. ಎದ್ದು ಕಾಲಿನಿಂದ ಬ್ರೇಕ್ ಬಿಡಿಸುತ್ತಾಳೆ. ಮಂಚ ತಳ್ಳುತ್ತಾಳೆ. ಗೋಡೆಯ ಕಡೆ ತಲೆಯೆತ್ತಿ ಏನೋ ಹೇಳಿ ನಗುತ್ತಾಳೆ. ಅಂಗೈ ಚಾಚಿ ಅಳೆಯುತ್ತಾಳೆ. ಮೇಲಿನಿಂದ ತೆಗೆದ ಚಿತ್ರ, ಪಕ್ಕದಿಂದ ಬೆಳಕು. ಮಾವ ಹೇಳಿದ್ದು ಸುಳ್ಳಲ್ಲ, ಅವಳು ಥೇಟ್ ಕಳ್ಳಿಯ ಹಾಗೆ ಕಾಣುತ್ತಿದ್ದಳು.

"ಮತ್ತೆ ಬ್ರೇಕ್ ಹಾಕಿದ್ರಾ?" ಅಧಿಕಾರಿ ಕೇಳಿದ.

"ಹಾಕಿದೆ."

"ಕಾಣ್ತಿಲ್ಲವಲ್ಲ."

ಹೇಗೆ ಕಂಡೀತು? ಮಂಚ ಒಂದು ಗೇಣು ಸರಿದ ಮೇಲೆ ಆ ಗಾಲಿಯೂ ಚಿತ್ರದಿಂದ ಆಚೆ ಹೋಗಿತ್ತು. ಮಂಚ ಜಾರಿಯೇ ಮಾವ ಬಿದ್ದಿರಬೇಕೆಂದು ಅಧಿಕಾರಿ ಬರೆದುಕೊಂಡ. ಬಿದ್ದವರನ್ನು ಎತ್ತುವಾಗ ಮಂಚವನ್ನು ಯಾರು ಯಾರೋ ಎಳೆದಾಡಿದ್ದರಿಂದ ಈಗ ನೋಡಿದರೂ ತಿಳಿಯುವಂತಿರಲಿಲ್ಲ.

"ಹಾಕಿದೆ ರೀ," ಎಂದು ಸೊಸೆ ಗಂಡನ ಕಡೆ ತಿರುಗಿದಳು. "ಕಾಲಲ್ಲಿ ಒತ್ತಿದೆ. ನನಗೆ ಗೊತ್ತು."

ಗಂಡ ಪರದೆಯನ್ನೇ ನೋಡುತ್ತಿದ್ದ. "ಕಾಣ್ತಿಲ್ಲ," ಎಂದ ಅವನೂ.

ಅವರೆಲ್ಲ ಮತ್ತೊಮ್ಮೆ ನೋಡಿದರು. ಇನ್ನೊಮ್ಮೆ ನೋಡಿದರು. ನೋಡುತ್ತ ನೋಡುತ್ತ ಸೊಸೆಗೇ ಅನುಮಾನ ಹುಟ್ಟಿತು. ಹಾಕಿದ್ದೆನೋ? ಹಾಕಿದೆ ಅಂದುಕೊಂಡೆನೋ? ತನ್ನ ಕಾಲಿನ ಮೇಲೇ ಅವಳಿಗೆ ನಂಬಿಕೆ ಹೋಯಿತು. ಅದಕ್ಕಿಂತ ದೊಡ್ಡ ದುಃಖ ಬೇರಿಲ್ಲ.

"ಮರ್ಯಾದೆಗೋಸ್ಕರ ಮಾಡ್ದೆ," ಎಂದಳು. "ಮಾವನೇ ಕೇಳಿದ್ರು."

"ಅಪ್ಪಂಗೆ ಆಪರೇಷನ್ ಆದಾಗಿಂದ ಬುದ್ಧಿ ಸ್ಥಿಮಿತದಲ್ಲಿಲ್ಲ, ಅತ್ತಿಗೆ," ಎಂದಳು ನಾದಿನಿ. "ನಿಮ್ಮದಾದ್ರೂ ಇರ್ಬೇಕಿತ್ತು."

ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಉತ್ತರ ಕೊಡಬಹುದಿತ್ತು. ಗಂಡ ತಾನೇ ಬಡಿಸಿಕೊಂಡು, ತಾನೇ ತಟ್ಟೆ ತೊಳೆದಿಟ್ಟು, "ಇನ್ಮೇಲೆ ಯಾರಾದ್ರೂ ಪಕ್ಕದಲ್ಲೇ ಇರ್ಲೇಬೇಕಂತೆ" ಎಂದ.

"ಯಾರು?"

"ನಿನಗೇ ಗೊತ್ತಾಗುತ್ತೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!" ಎಂದಳು ಸೊಸೆ. "ನೀವೆಲ್ಲ ಕ್ಯಾಮೆರಾಕ್ಕೆ ಒಪ್ಪಿಸಿ ಕೈ ತೊಳ್ಕೊಂಡ್ರಿ. ದಿನಾ ಹೋಗಿ ಮೈ ಒರೆಸಿದ್ದು ಯಾರು? ಅದೂ ಆ ಪರದೇಲಿ ಇದೆಯಲ್ಲ, ಅದನ್ನ ಯಾಕೆ ಯಾರೂ ನೋಡ್ಲಿಲ್ಲ?"

"ಅದನ್ನ ತೋರಿಸ್ಲಿಲ್ಲ ಅವರು," ಎಂದ ಗಂಡ. ಅವನ ಫೋನು ರಿಂಗಾಯಿತು. ಎಲ್ಲೋ ಯಾರೋ ಸಿಕ್ಕಿಕೊಂಡಿದ್ದರು. ಬಿಡಿಸಲು ಹೋದ.

ಮರುದಿನ ಸೊಸೆ ಮೇಲ್ವಿಚಾರಕಿಗೆ ಫೋನ್ ಮಾಡಿ ಒಂದು ವಾರದ ರಜೆ ಕೇಳಿದಳು. "ನೀನೇ ಹೀಗೆ ಮಾಡಿದ್ರೆ ಹೇಗೆ?" ಎಂದಳು ಅವಳು, ಬೇಸರದಲ್ಲೇ. ಮುಂದಿನ ಸೋಮವಾರ ಆ ಮೇಜಿನ ಮುಂದೆ ಬೇರೆ ಯಾರೋ ನಿಂತಿದ್ದರು.

ಮಾವನನ್ನು ಮನೆಗೆ ಕರೆತಂದರು. ಹಾಲ್‌ನಲ್ಲಿ ಮಂಚ ಹಾಕಿದರು. ಅಂದೇ ಸಂಜೆ ನಾದಿನಿ ಒಂದು ಪೊಟ್ಟಣ ಹಿಡಿದು ಬಂದಳು, ಅದರೊಳಗೆ ಮುಷ್ಟಿಗಾತ್ರದ ಕ್ಯಾಮೆರಾ. "ಅಪ್ಪನಿಗೋಸ್ಕರ. ನನ್ನ ಫೋನಲ್ಲೂ ಬರುತ್ತೆ, ಅಣ್ಣನ ಫೋನಲ್ಲೂ ಬರುತ್ತೆ."

"ಮರ್ಯಾದೆ ಏನಾಯ್ತತ್ತೆ?" ಎಂದಳು ಮೊಮ್ಮಗಳು.

"ದೊಡ್ಡವರ ಮಧ್ಯ ಬಾಯಿ ಹಾಕ್ಬೇಡ," ಎಂದ ಅವಳಪ್ಪ, ಗೋಡೆಗೆ ತೂತು ಕೊರೆಯುತ್ತ.

ಹಾಲ್ ಪೂರ್ತಿ, ಅಡುಗೆಮನೆಯ ಬಾಗಿಲು, ಒಲೆಯ ಮುಂದಿನ ಜಾಗ, ಎಲ್ಲ ಅದರ ಕಣ್ಣಿಗೆ ಬಿತ್ತು. ಮೊದಲು ಮೊದಲು ಫೋನು ಮಾವನ ವಿಷಯಕ್ಕೇ ಬರುತ್ತಿತ್ತು: "ಅತ್ತಿಗೆ, ಅಪ್ಪನ ಹೊದಿಕೆ ಜಾರಿದೆ." ಆಮೇಲೆ, "ಅತ್ತಿಗೆ, ಇವತ್ತು ಗಂಜಿ ತಡ ಆಯ್ತಾ?" ಆಮೇಲೆ, "ಅತ್ತಿಗೆ, ಅಷ್ಟು ಹೊತ್ತು ಕಿಟಕಿ ಹತ್ರ ಯಾಕೆ ನಿಂತಿದ್ರಿ?" ಗಂಡ ಊಟಕ್ಕೆ ಕೂತಾಗ ಮೆತ್ತಗೆ ಕೇಳಿದ: "ಮಧ್ಯಾಹ್ನ ಯಾರ ಜೊತೆ ಫೋನಲ್ಲಿ ನಗ್ತಿದ್ದೆ?"

"ಕಾರ್ಖಾನೆಯವಳ ಜೊತೆ."

"ಸುಮ್ನೆ ಕೇಳ್ದೆ."

ಮಗಳು ಒಂದು ದಿನ ತನ್ನ ಕಾಲೇಜು ಚೀಲವನ್ನು ಕ್ಯಾಮೆರಾಕ್ಕೆ ನೇತುಹಾಕಿದಳು. ಗಳಿಗೆಯೊಳಗೆ ಎರಡು ಫೋನು ಒಟ್ಟಿಗೆ ಬಂದವು. ಚೀಲವನ್ನು ತೆಗೆದದ್ದು ಸೊಸೆಯೇ. ಅತ್ತ ದರಿ, ಇತ್ತ ಪುಲಿ. ಕ್ಯಾಮೆರಾ ತೆಗೆದರೆ ಮಾವನಿಗೆ ಏನಾದರೂ ಆದಾಗ ಮತ್ತೆ ಅವಳದೇ ತಲೆ. ಇಟ್ಟರೆ ದಿನವಿಡೀ ಮೈಮೇಲೆ ಇರುವೆ ಹರಿದಂತೆ. ಒಲೆಯ ಮುಂದೆ ನಿಂತು ಅಳಲೂ ಆಗುತ್ತಿರಲಿಲ್ಲ. ಅತ್ತರೆ ಅದಕ್ಕೂ ಫೋನು ಬರುತ್ತಿತ್ತು.

ಮಾವ ಇದನ್ನೆಲ್ಲ ಮಲಗಿದಲ್ಲಿಂದ ನೋಡುತ್ತಿದ್ದರು. ಒಂದು ಮಧ್ಯಾಹ್ನ ಎರಡೂ ಕೈಯ ಹೆಬ್ಬೆರಳು ತೋರುಬೆರಳು ಜೋಡಿಸಿ ಚೌಕ ಮಾಡಿ, ಒಂದು ಕಣ್ಣು ಮುಚ್ಚಿ, ಗೋಡೆಯಿಂದ ಒಲೆಗೆ, ಒಲೆಯಿಂದ ಗೋಡೆಗೆ ಅಳೆದರು. ಆಮೇಲೆ ಮೆತ್ತಗೆ ಕರೆದರು. "ಏನಮ್ಮಾ, ಒಲೆ ಪಕ್ಕ ಆ ನೀರಿನ ಡ್ರಮ್ಮಿದೆಯಲ್ಲ, ಅದರಿಂದ ಆಚೆ ಗೋಡೆ ಕಡೆಗೆ ಒಂದು ಗೇಣು. ಅಲ್ಲಿ ಒತ್ತರಿಸ್ಕೊಂಡು ನಿಂತ್ಕೋ."

"ಯಾಕೆ ಮಾವ?"

"ಅಲ್ಲಿ ನೀನು ಬರಲ್ಲ."

ಸೊಸೆ ಟೀ ಲೋಟ ಹಿಡಿದು ಹೋಗಿ ನಿಂತಳು. ಬೆನ್ನು ಗೋಡೆಗೆ, ಮಂಡಿ ಡ್ರಮ್ಮಿಗೆ. ಎಷ್ಟೋ ದಿನದ ಮೇಲೆ ಒಂದು ಗುಟುಕು ಟೀ ಬಿಸಿಯಾಗಿ ಗಂಟಲಿಗಿಳಿಯಿತು. ಅಲ್ಲಿಂದ ಮಾವನ ತಲೆ ಮಾತ್ರ ಕಾಣುತ್ತಿತ್ತು.

"ನಾನು ಬ್ರೇಕ್ ಹಾಕಿದ್ನಾ ಮಾವ?" ಎಂದಳು. ಇಷ್ಟು ದಿನ ಕೇಳುವ ಧೈರ್ಯವಾಗಿರಲಿಲ್ಲ.

"ಹಾಕಿದೆ. ಟಕ್ ಅಂತು. ಜೀವಮಾನವೆಲ್ಲ ಕ್ಯಾಮೆರಾ ಟಕ್ ಅನ್ನೋದನ್ನ ಕೇಳಿದ ಕಿವಿ ಕಣಮ್ಮ ಇದು, ತಪ್ಪಲ್ಲ. ಮಂಚ ಅಲುಗ್ಲಿಲ್ಲ. ನಾನು ಹಿಡ್ಕೊಂಡಿದ್ದು ಪಕ್ಕದ ಊಟದ ಮೇಜು, ಅದರ ಗಾಲಿ ಓಡ್ತು. ನಿನ್ನ ಗಂಡಂಗೆ ಹೇಳ್ದೆ, 'ಆಯ್ತಪ್ಪಾ' ಅಂದ. ಮಗಳಿಗೆ ಹೇಳ್ದೆ, ಹಣೆ ಮುಟ್ಟಿ ಜ್ವರ ನೋಡಿದ್ಲು."

ಸೊಸೆ ಲೋಟವನ್ನು ಡ್ರಮ್ಮಿನ ಮೇಲಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ ಅತ್ತಳು. ಮಾವ ಈ ಕಡೆ ತಿರುಗಲಿಲ್ಲ. ತಿರುಗಿದರೆ ಅಲ್ಲಿ ಯಾರೋ ಇದ್ದಾರೆಂದು ಗೋಡೆಗೆ ಗೊತ್ತಾಗುತ್ತಿತ್ತು.

ಫೋನು ರಿಂಗಾಯಿತು.

"ಅತ್ತಿಗೆ, ಎಲ್ಲಿದೀರಾ? ಆಗಿಂದ ಕಾಣ್ತಾನೇ ಇಲ್ಲ?"

"ಇಲ್ಲೇ ಇದೀನಿ."

"ಇಲ್ಲೇ ಅಂದ್ರೆ ಎಲ್ಲಿ?"

ಸೊಸೆ ಕಣ್ಣೊರೆಸಿಕೊಂಡು ಒಂದು ಹೆಜ್ಜೆ ಮುಂದಿಟ್ಟಳು. "ಈಗ ಕಾಣ್ತೀನಾ?"

"ಹ್ಞಾಂ, ಈಗ ಸರಿ. ಅಲ್ಲೇ ಇರಿ."

ಮಂಚದಿಂದ ಮಾವನ ದನಿ ಬಂತು, ಸ್ಟುಡಿಯೋದಲ್ಲಿ ಗಿರಾಕಿಗಳಿಗೆ ಹೇಳುತ್ತಿದ್ದ ಅದೇ ಹದದಲ್ಲಿ.

"ಗದ್ದ ಸ್ವಲ್ಪ ಮೇಲೆ, ಮಗಳೇ."

ಅವಳು ಗದ್ದ ಎತ್ತಿದಳು.